ಕಮಲತೆಯಿಲ್ಲದ ಅಲ್ಲಮ

ಶಹಾಬಾದಿ ಫರ್ಶಿಯ ಮೇಲೆ ಸೀಮೆಸುಣ್ಣದ ಗೆರೆ ಚೆನ್ನಾಗಿ ಮೂಡುತ್ತದೆ. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ಈಚೆಗೆ ನಿವೃತ್ತನಾದೆ. ಅಂಗಿಯ ಜೇಬಿನಲ್ಲಿ ಒಂದು ತುಂಡು ಸೀಮೆಸುಣ್ಣ ಈಗಲೂ ಇರುತ್ತದೆ. ಹೋದ ರಜೆಯಲ್ಲಿ ದುಬಲಗುಂಡಿಯ ನಮ್ಮ ಮನೆಯ ಪಡಸಾಲೆಯ ತುಂಬ ನಾನೂ ಮೊಮ್ಮಗಳೂ ಗೆರೆ ಎಳೆದೆವು. ಅವಳು ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದುತ್ತಾಳೆ, ನನ್ನ ಅಕ್ಕನ ಮಗನ ಮಗಳು. ಮೊಬೈಲನ್ನು ತಂಬಿಗೆಗೆ ಆನಿಸಿಟ್ಟು 'ಡಾರ್ಕ್' ಎಂಬ ಜರ್ಮನ್ ಧಾರಾವಾಹಿ ತೋರಿಸಿದಳು. ವಿಂಡೆನ್ ಎಂಬ ಊರು, ಊರ ಹೊರಗೆ ಕಾಡು, ಕಾಡಿನಲ್ಲಿ ಒಂದು ಗವಿ. ಗವಿಯೊಳಗೆ ತೆವಳಿ ಹೋದವರು ಮೂವತ್ತಮೂರು ವರ್ಷ ಹಿಂದೆಯೋ ಮುಂದೆಯೋ ಏಳುತ್ತಾರೆ. 1953, 1986, 2019. ಮೂರು ಉದ್ದ ಗೆರೆ ಎಳೆದು ಒಬ್ಬೊಬ್ಬರ ಹೆಸರು ಬರೆಯುತ್ತ ಹೋದೆವು. ಎರಡನೆಯ ವಾರಕ್ಕೆ ಗೆರೆಗಳು ಸಾಲದಾದವು. "ಅಜ್ಜಾ, ಇಲ್ಲಿ ಮಗಳೇ ಅವ್ವಗ ಅವ್ವ ಆಗ್ಯಾಳ. ಇದನ್ನ ಹ್ಯಾಂಗ ತೋರಸೋದು?" ಎಂದಳು. ಗೆರೆ ಬಿಟ್ಟು ಬಳೆ ಬರೆದೆವು.

ಕಾಲದ ಗೊಂದಲ ನಮ್ಮ ಮನೆಗೆ ಹೊಸದಲ್ಲ. ಟ್ರಂಕಿನಲ್ಲಿರುವ ಮುತ್ತಜ್ಜನ ಹೊಲದ ಕಾಗದದ ಮೇಲೆ 1345 ಎಂದಿದೆ. ಅದು ನಿಜಾಮರ ಫಸಲಿ ವರ್ಷ, 590 ಕೂಡಿಸಿದರೆ 1935. ಶಾಲೆಯ ಪುಸ್ತಕದಲ್ಲಿ ಸ್ವಾತಂತ್ರ್ಯ ಬಂದದ್ದು 1947ರ ಆಗಸ್ಟ್ 15ರಂದು. ನಮ್ಮ ಅಜ್ಜನಿಗೆ ಬಂದದ್ದು 1948ರ ಸೆಪ್ಟೆಂಬರ್ 17ರಂದು. ಆ ಹದಿಮೂರು ತಿಂಗಳು ಒಂದೇ ದೇಶದ ಎರಡು ಊರುಗಳು ಬೇರೆ ಬೇರೆ ಕಾಲದಲ್ಲಿ ಬದುಕಿದವು. ಇಲ್ಲಿಂದ ದೂರವೇನಲ್ಲದ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯ 1076ರಲ್ಲಿ ಪಟ್ಟಕ್ಕೆ ಬಂದು, ಶಕವರ್ಷವನ್ನು ಬದಿಗಿಟ್ಟು, ತನ್ನಿಂದಲೇ ಕಾಲ ಎಣಿಸಬೇಕೆಂದು ಚಾಳುಕ್ಯ ವಿಕ್ರಮವರ್ಷ ಆರಂಭಿಸಿದ. ಅವನು ಹೋದ ಮೇಲೆ ಅವನ ವರ್ಷವೂ ಮೆಲ್ಲಗೆ ಸವೆದುಹೋಯಿತು. ಇನ್ನು ಅವ್ವನ ಲೆಕ್ಕ ಸಂವತ್ಸರದ್ದು. ನಾನು ಹುಟ್ಟಿದ್ದು ವಿಶ್ವಾವಸುವಿನಲ್ಲಿ. 2025ರ ಯುಗಾದಿಗೆ ವಿಶ್ವಾವಸು ಮರಳಿ ಬಂತು. ಹೆಸರು ಅದೇ, ನಾನು ಅರವತ್ತು ವರ್ಷದವನು. ಕಾಲ ತಿರುಗಿ ಬರುತ್ತದೆ, ಹೋದವರನ್ನು ಕರೆದುಕೊಂಡು ಬರುವುದಿಲ್ಲ ಎಂದು ಆ ದಿನ ಬೇವು ಬಾಯಿಗೆ ಹಾಕಿಕೊಳ್ಳುವಾಗ ಅನ್ನಿಸಿತು.

ಟೀವಿಯಲ್ಲಿ ಕಾಲವನ್ನು ಮೊದಲು ಕಂಡದ್ದು 1988ರ ಅಕ್ಟೋಬರಿನಲ್ಲಿ, ಬಿ.ಆರ್. ಚೋಪ್ರಾ ಅವರ 'ಮಹಾಭಾರತ'ದಲ್ಲಿ. ಅಲ್ಲಿ ಕಥೆ ಹೇಳುವವನು ವ್ಯಾಸನಲ್ಲ, ಸ್ವತಃ ಕಾಲ. ಆಕಾಶದಲ್ಲಿ ಚಕ್ರ ತಿರುಗುತ್ತಿತ್ತು, ಧ್ವನಿ ಮಾತ್ರ ಕೇಳುತ್ತಿತ್ತು. ಮುಂದಿನ ವರ್ಷ 'ಇಂದ್ರಧನುಷ್' ಬಂತು, ಮಕ್ಕಳು ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಕಥೆ. ಅದರಲ್ಲಿ ಗಿರೀಶ ಕಾರ್ನಾಡರಿದ್ದರು. ಅದರ ಬೆನ್ನಿಗೇ, 1990ರಲ್ಲಿ, ಅವರ 'ತಲೆದಂಡ' ನಾಟಕ ಬಂತು: ನಮ್ಮ ಕಲ್ಯಾಣ, ಹರಳಯ್ಯ, ಮಧುವರಸ, ಬಿಜ್ಜಳ. ಟೀವಿ ನೋಡುವಾಗ ಊರಲ್ಲಿ ಕರೆಂಟು ನಡುವೆ ಹೋಗುತ್ತಿತ್ತು. ಬಂದಾಗ ಕಥೆ ಎಲ್ಲಿಗೋ ಹೋಗಿರುತ್ತಿತ್ತು. ತಪ್ಪಿದ ಭಾಗವನ್ನು ಕಟ್ಟೆಯ ಮೇಲೆ ಕೂತವರು ಸೇರಿ ಕಟ್ಟಿಕೊಳ್ಳುತ್ತಿದ್ದರು, ಒಬ್ಬೊಬ್ಬರದು ಒಂದೊಂದು ಬಗೆ.

'ಡಾರ್ಕ್'ನ ಮೂರನೆಯ ಸೀಸನ್ನಿನ ಕೊನೆಗೆ ಬಂದಾಗ ನಾನು ಸೀಮೆಸುಣ್ಣ ಕೆಳಗಿಟ್ಟೆ. ಇಷ್ಟೆಲ್ಲ ಗೋಜಲಿನ ಬುಡದಲ್ಲಿ ಒಬ್ಬ ಗಡಿಯಾರ ಮಾಡುವ ಮುದುಕನಿದ್ದಾನೆ, ಟಾನ್‌ಹೌಸ್. ಒಂದು ಮಳೆಯ ರಾತ್ರಿ ಅವನ ಮಗ, ಸೊಸೆ, ಹಸುಗೂಸು ಕಾರಿನಲ್ಲಿ ಹೊರಟು ಸೇತುವೆಯ ಬಳಿ ಸಾಯುತ್ತಾರೆ. ಅವರನ್ನು ಮರಳಿ ತರಲು ಅವನು ಯಂತ್ರ ಕಟ್ಟುತ್ತಾನೆ, ಜಗತ್ತು ಎರಡಾಗಿ ಸೀಳುತ್ತದೆ. ನಾವು ವಾರಗಟ್ಟಲೆ ಬರೆದ ಬಳೆಗಳೆಲ್ಲ ಒಬ್ಬ ತಂದೆಯ ದುಃಖದಿಂದ ಹುಟ್ಟಿದವು. ಕೊನೆಗೆ ಜೋನಸ್, ಮಾರ್ಥಾ ಎಂಬ ಇಬ್ಬರು ಆ ರಾತ್ರಿಗೇ ಹೋಗಿ ಕಾರನ್ನು ತಡೆಯುತ್ತಾರೆ. ಮಗ ಬದುಕುತ್ತಾನೆ, ಯಂತ್ರ ಹುಟ್ಟುವುದಿಲ್ಲ. ತಡೆದವರು ಯಂತ್ರ ಸೀಳಿದ ಜಗತ್ತಿನವರು, ಹಾಗಾಗಿ ನೋಡುತ್ತ ನೋಡುತ್ತ ಕರಗಿಹೋಗುತ್ತಾರೆ.

ಮೊಮ್ಮಗಳು ಅಳುತ್ತಿದ್ದಳು. ನಾನು ಆ ಕಾರಿನ ಜಾಗದಲ್ಲಿ ಒಂದು ಬಸ್ಸನ್ನು ನೋಡುತ್ತಿದ್ದೆ.

ನನ್ನ ಅಕ್ಕನನ್ನು ಕೊಟ್ಟದ್ದು ಗಡಿಯಾಚೆ, ಕಿಲ್ಲಾರಿ ಹತ್ತಿರದ ಒಂದು ಹಳ್ಳಿಗೆ. ನಮ್ಮ ಕಡೆ ಹೆಣ್ಣು ಕೊಡುವಾಗ ತರುವಾಗ ಯಾರೂ ರಾಜ್ಯದ ಗಡಿ ನೋಡುವುದಿಲ್ಲ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ಮರಾಠಿ. 1993ರಲ್ಲಿ ಗಣಪತಿ ಹಬ್ಬಕ್ಕೆ ಒಂಬತ್ತು ವರ್ಷದ ಮಗನನ್ನು ಕಟ್ಟಿಕೊಂಡು ಬಂದಿದ್ದಳು. ಇನ್ನೊಂದು ವಾರ ಇರು ಎಂದಳು ಅವ್ವ. ಹುಡುಗ ಕೇಳಲಿಲ್ಲ, ಅವರೂರಿನ ಗಣಪತಿ ಕಳಿಸುವ ಮೆರವಣಿಗೆ ನೋಡಬೇಕೆಂದು ಹಟ ಹಿಡಿದ. ಸೆಪ್ಟೆಂಬರ್ 28ರ ಬೆಳಿಗ್ಗೆ ಹುಮನಾಬಾದಿಗೆ ಹೋಗಿ ಅವರಿಬ್ಬರನ್ನು ಬಸ್ಸು ಹತ್ತಿಸಿದವನು ನಾನು. ಸೀಟು ಸಿಗಲೆಂದು ಕಿಟಕಿಯಿಂದ ಟವಲ್ ಹಾಕಿ ಜಾಗ ಹಿಡಿದೆ.

30ರ ನಸುಕಿನ 3 ಗಂಟೆ 56 ನಿಮಿಷಕ್ಕೆ ನೆಲ ನಡುಗಿತು. ದುಬಲಗುಂಡಿಯಲ್ಲಿ ಮಾಡದ ತಾಮ್ರದ ಕೊಡಗಳು ಉರುಳಿದವು, ಅಷ್ಟೆ. ಅಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ಕರಿಕಲ್ಲನ್ನು ಬರೀ ಮಣ್ಣಿನಲ್ಲಿ ಕೂಡಿಸಿದ ದಪ್ಪ ಗೋಡೆ, ತಲೆಯ ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಗೆ ತಂಪು ಎಂದು ತಲೆತಲಾಂತರದಿಂದ ಕಟ್ಟಿದ ಮನೆಗಳು ಮಲಗಿದವರ ಮೇಲೆ ಕುಸಿದವು. ದಖ್ಖನ್ ಪ್ರಸ್ಥಭೂಮಿ ಗಟ್ಟಿ, ಇಲ್ಲಿ ಭೂಕಂಪದ ಭಯ ಕಡಿಮೆ ಎಂದು ಅದೇ ವರ್ಷ ಒಂಬತ್ತನೆಯ ತರಗತಿಗೆ ನಾನು ಪಾಠ ಮಾಡಿದ್ದೆ. ಭೂಕಂಪದ ನಕ್ಷೆಯಲ್ಲಿ ಕಿಲ್ಲಾರಿಯಿರುವ ಲಾತೂರು ಅತಿ ಕಡಿಮೆ ಅಪಾಯದ ವಲಯದಲ್ಲಿತ್ತು. ಅಕ್ಕ, ಭಾವ ಇಬ್ಬರೂ ಹೋದರು. ಹುಡುಗ ಮೆರವಣಿಗೆ ಮುಗಿಸಿ ಗೆಳೆಯರ ಜೊತೆ ಬಯಲಲ್ಲಿ ಮಲಗಿದ್ದ.

ಮಾತನಾಡಿಸಲು ಬಂದ ಹಿರಿಯರೊಬ್ಬರು ಪೂರ್ವಜನ್ಮದ ಕರ್ಮ ಎಂದರು. ಅವ್ವ ಎಂದೂ ಯಾರಿಗೂ ಎದುರಾಡಿದವಳಲ್ಲ. ಅವತ್ತು, "ನನ್ನ ಮಗಳ ಕರ್ಮ ಅಂತ ನನ್ನ ಮನ್ಯಾಗ ಅನಬ್ಯಾಡ್ರಿ," ಅಂದಳು. ಅವ್ವನ ಮಾತೇ ನನ್ನ ಮಾತು. ತೊಟ್ಟಿಲ ಕೂಸಿನಿಂದ ಹಿಡಿದು ಮುದುಕರವರೆಗೆ ಹತ್ತು ಸಾವಿರ ಜನರ ಕರ್ಮ ಒಂದೇ ನಿಮಿಷದಲ್ಲಿ ಹಣ್ಣಾಯಿತು ಎಂದು ಹೇಳಲು ಕಲ್ಲೆದೆ ಬೇಕು. ಹುಟ್ಟನ್ನು ಹಿಂದಿನ ಜನ್ಮದ ಶಿಕ್ಷೆಯೆಂದು ಹೇಳಿ ಮನುಷ್ಯರನ್ನು ಕೆಳಗೆ ಕೂರಿಸಿದ ತರ್ಕವನ್ನೇ ಕಲ್ಯಾಣದ ಶರಣರು ಒಪ್ಪಲಿಲ್ಲ. ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನು ತಂದದ್ದು, ಅದಕ್ಕಾಗಿ ಎಳೆಹೂಟೆಗೆ ಹೋದದ್ದು ಆ ಒಪ್ಪದಿರುವಿಕೆಯಿಂದಲೇ.

ಆದರೆ ಅವ್ವ ಒಂದು ವಿಚಿತ್ರ ಪ್ರಾರ್ಥನೆ ಶುರುಮಾಡಿದಳು. ಹುಮನಾಬಾದಿನ ವೀರಭದ್ರನ ಗುಡಿಗೆ ಹೋದಾಗಲೆಲ್ಲ ಕೈಮುಗಿದು, "ಅವತ್ತಿನ ಬಸ್ಸು ತಪ್ಪಿಸಪ್ಪಾ" ಎಂದು ಬೇಡುವಳು. ಬಸ್ಸು ಹೋಗಿ ಒಂದು ವರ್ಷವಾಗಿತ್ತು, ಎರಡಾದವು, ಐದಾದವು. ಮೊದಲು ನಾನು ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡೆ. ಆಮೇಲೆ ಯೋಚಿಸಿದೆ: ದೇವರು ಕಾಲದ ಆಚೆಗಿದ್ದಾನೆ ಎನ್ನುವುದು ನಿಜವಾದರೆ ನಾಳೆಯ ಮಳೆ ಬೇಡಿದಷ್ಟೇ ಸರಿಯಾಗಿ ನಿನ್ನೆಯ ಬಸ್ಸನ್ನೂ ಬೇಡಬಹುದಲ್ಲ? ಬೇಡಬಾರದೆಂದರೆ ಅವನೂ ನಮ್ಮ ಹಾಗೆ ಗೆರೆಯ ಮೇಲೆ ನಡೆಯುವವನೇ ಆದನಲ್ಲ? ಗಣಿತ ಬಲ್ಲವರೂ ಈ ಬಾಗಿಲನ್ನು ಪೂರ್ತಿ ಮುಚ್ಚಿಲ್ಲ. 1949ರಲ್ಲಿ ಕರ್ಟ್ ಗೋಡೆಲ್, ಐನ್‌ಸ್ಟೈನರ ಸಮೀಕರಣಗಳಿಂದಲೇ, ಹೊರಟವನು ತನ್ನ ಹಿಂದಣ ಕಾಲಕ್ಕೇ ಬಂದು ಮುಟ್ಟಬಹುದಾದ ತಿರುಗುವ ವಿಶ್ವವೊಂದನ್ನು ತೋರಿಸಿದ. ನಮ್ಮ ವಿಶ್ವ ಅಂಥದಲ್ಲ. ರಷ್ಯಾದ ಇಗೋರ್ ನೋವಿಕೋವ್ ಹೇಳಿದ್ದು, ಹೋದರೂ ಏನನ್ನೂ ಬದಲಿಸಲಾಗದು, ಬದಲಿಸಲು ಹೋದದ್ದೂ ಆದದ್ದರೊಳಗೇ ಸೇರಿರುತ್ತದೆ ಎಂದು.

ನಾನು ಬಲ್ಲ ಪುರಾಣಗಳಲ್ಲಿ ಕಾಲ ದಾಟಿದವರೆಲ್ಲ ಮುಂದಕ್ಕೇ ಹೋದವರು. ರೈವತ ರಾಜ ಮಗಳು ರೇವತಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋಗಿ ಹಾಡು ಮುಗಿಯಲೆಂದು ಕಾದ, ಅಷ್ಟರಲ್ಲಿ ಭೂಮಿಯ ಮೇಲೆ ಇಪ್ಪತ್ತೇಳು ಚತುರ್ಯುಗ ಕಳೆದವು. ತನ್ನವರು ಯಾರೂ ಇಲ್ಲದ ಊರಿಗೆ ಇಳಿದು ಬಂದು ಬಲರಾಮನಿಗೆ ಮಗಳನ್ನು ಕೊಟ್ಟ. ನನ್ನ ಕಾಲಕ್ಕೆ ಮರಳಿ ಕಳಿಸು ಎಂದು ಅವನು ಬೇಡಲಿಲ್ಲ. ಸಾವಿತ್ರಿಯೂ ಕಾಲವನ್ನು ಹಿಂದೆ ತಿರುಗಿಸಲಿಲ್ಲ, ಯಮನ ಬೆನ್ನು ಹಿಡಿದು ಮುಂದಕ್ಕೆ ನಡೆದಳು.

ಕಥೆಯನ್ನೇ ಹಿಂದಕ್ಕೆ ಹೋಗಿ ತಿದ್ದಿದ ಉದಾಹರಣೆ ಮಾತ್ರ ನಮ್ಮಲ್ಲಿ ಒಂದಿದೆ. ಅದನ್ನು ಯಾರೂ ಕಾಲಯಾನ ಎಂದು ಕರೆದಿಲ್ಲ. ಹರಿಹರನ ರಗಳೆಯಲ್ಲಿ ಅಲ್ಲಮ ಮದ್ದಳೆ ಬಾರಿಸುವ ಹುಡುಗ. ಕಮಲತೆಯನ್ನು ಒಲಿದು ಮದುವೆಯಾಗುತ್ತಾನೆ. ಇದ್ದಕ್ಕಿದ್ದಂತೆ ಜ್ವರ ಬಂದು ಅವಳು ಸಾಯುತ್ತಾಳೆ. ಅಲ್ಲಮ ಹುಚ್ಚನಂತೆ ಅಲೆಯುತ್ತಾನೆ, ಊರ ಹೊರಗಿನ ತೋಪಿನಲ್ಲಿ ಕೂತು ಸುಮ್ಮನೆ ಕಾಲುಗುರಿನಿಂದ ನೆಲ ಕೆರೆಯುತ್ತಾನೆ. ಮಣ್ಣಿನೊಳಗೆ ಚಿನ್ನದ ಕಳಸದ ತುದಿ ಕಾಣುತ್ತದೆ. ಅಗೆದರೆ ಹೂತುಹೋದ ಗುಡಿ, ಒಳಗೆ ಅಂಗೈಯಲ್ಲಿ ಲಿಂಗ ಹಿಡಿದು ಕೂತ ಅನಿಮಿಷಯ್ಯ. ಅನಿಮಿಷ ಎಂದರೆ ರೆಪ್ಪೆ ಬಡಿಯದವನು. ನಿಮಿಷವೇ ಇಲ್ಲದವನು ಎಂದೂ ನಾನು ಓದಿಕೊಳ್ಳುತ್ತೇನೆ. ಆತ ಲಿಂಗ ಕೊಟ್ಟು ಪ್ರಾಣ ಬಿಡುತ್ತಾನೆ.

ಎರಡು ಶತಮಾನ ಕಳೆದು, ಪ್ರೌಢದೇವರಾಯನ ಕಾಲದಲ್ಲಿ ಚಾಮರಸ 'ಪ್ರಭುಲಿಂಗಲೀಲೆ' ಬರೆದ. ಅಲ್ಲಿ ಕಮಲತೆ ಇಲ್ಲ. ಮಾಯೆ ಬರುತ್ತಾಳೆ, ಅಲ್ಲಮನನ್ನು ಹಿಡಿಯಲಾರದೆ ಸೋಲುತ್ತಾಳೆ. ಈ ಅಲ್ಲಮ ಯಾರನ್ನೂ ಕಳೆದುಕೊಂಡವನಲ್ಲ, ಮೊದಲಿನಿಂದಲೂ ನಿರ್ಲೇಪ. 'ಶೂನ್ಯಸಂಪಾದನೆ'ಯೂ ನಾಲ್ಕು ಸಲ ಸಿದ್ಧವಾಯಿತು: ಶಿವಗಣಪ್ರಸಾದಿ ಮಹದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರ ಸಿದ್ಧವೀರಣ್ಣೊಡೆಯ. ತಾರೀಖು, ಊರು, ಸಂದರ್ಭ ಯಾವುದೂ ಇಲ್ಲದ ವಚನಗಳನ್ನು ತೆಗೆದುಕೊಂಡು, ಇದನ್ನು ಇಂಥವರಿಗೆ ಇಂಥ ಹೊತ್ತಿನಲ್ಲಿ ಹೇಳಿದ್ದು ಎಂದು ಕಥೆ ಹೆಣೆದರು. ನಾಲ್ವರ ಹೆಣಿಗೆಯೂ ಒಂದೇ ಅಲ್ಲ. ಇದು ನಮ್ಮ ಕಟ್ಟೆಯ ಮೇಲಿನ ಕೆಲಸವೇ, ಎಷ್ಟೋ ಪಾಲು ಎತ್ತರದಲ್ಲಿ. ಅವರ ಅಲ್ಲಮನೂ ಕಮಲತೆಯನ್ನು ಅರಿಯದವನೇ.

ಚಾಮರಸನ ಭಕ್ತಿಗೆ ನಾನು ತಲೆಬಾಗುತ್ತೇನೆ. ಗುರುವಿನ ಎದೆಯಲ್ಲಿ ಗಾಯವಿರುವುದನ್ನು ಆತ ಸಹಿಸಲಿಲ್ಲ. ಹಿಂದಕ್ಕೆ ಹೋಗಿ ಆ ಜ್ವರವನ್ನೇ ಅಳಿಸಿದ. ಅವ್ವ ವೀರಭದ್ರನಲ್ಲಿ ಬೇಡಿದ್ದನ್ನು ಕವಿ ಕಾವ್ಯದಲ್ಲಿ ಮಾಡಿದ. ಆದರೆ ಜ್ವರದ ಜೊತೆಗೆ ಕಮಲತೆಯೂ ಅಳಿದಳು. ಸಾವು ಬೇಡ ಎಂದು ಹುಟ್ಟನ್ನೇ ತೆಗೆದಂತಾಯಿತು. ಆ ಗುಡಿಯ ಕಳಸ ಕಾಣಿಸಿದ್ದು ನೆಲ ಕೆರೆಯುತ್ತ ಕೂತ ದುಃಖಿತನಿಗೆ. ನನಗೆ ಬೇಕಾದವನು ಹರಿಹರನ ಅಲ್ಲಮ. ಹಾಗೆಂದು ಕಮಲತೆ ಸತ್ತದ್ದು ಒಳ್ಳೆಯದಾಯಿತು, ಅದರಿಂದ ಅಲ್ಲಮ ದೊರೆತ ಎಂದು ನಾನು ಹೇಳಲಾರೆ. ಹರಿಹರನೂ ಹೇಳುವುದಿಲ್ಲ. ಕಳಸ ಸಿಕ್ಕದ್ದು ಅವಳ ಸಾವಿನ ಬೆಲೆಯಲ್ಲ. ಎರಡೂ ಒಂದೇ ಬದುಕಿನಲ್ಲಿ ಆದವು, ಒಂದನ್ನು ಇನ್ನೊಂದಕ್ಕೆ ಲೆಕ್ಕ ಹಚ್ಚಲು ಬರುವುದಿಲ್ಲ.

ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ಅಕ್ಕನ ಮಗ ನಮ್ಮ ಮನೆಯಲ್ಲೇ ಬೆಳೆದ, ತೊಗರಿ ಹೊಲ ನೋಡಿಕೊಂಡ, ಹಳ್ಳಿಖೇಡದ ಕಡೆಯ ಹುಡುಗಿಯನ್ನು ಮದುವೆಯಾದ. 2005ರಲ್ಲಿ ಮಗಳು ಹುಟ್ಟಿದಳು. ತಿಂಗಳು ತುಂಬಿದ ಮೇಲೆ ಕೂಸನ್ನು ವೀರಭದ್ರನ ಹೊಸ್ತಿಲ ಮೇಲೆ ಹಾಕಿ ಎತ್ತಿಕೊಂಡೆವು. ಅವ್ವ ಕೈಮುಗಿದಳು, ಏನೂ ಬೇಡಲಿಲ್ಲ. ಹೊರಗೆ ಬಂದ ಮೇಲೆ ಕೇಳಿದೆ: "ಬಸ್ಸಿಂದು ಬೇಡಲಿಲ್ಲೇನವ್ವಾ?" ಕೂಸಿನ ತಲೆಗೆ ಸೆರಗು ಮುಚ್ಚುತ್ತ ಅಂದಳು, "ಈಗ ಬೇಡಿದರ ಇದು ಹೋಗ್ತದಲ್ಲೋ." ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅಕ್ಕ ಉಳಿದಿದ್ದರೆ ಹುಡುಗ ಅಲ್ಲೇ ಬೆಳೆಯುತ್ತಿದ್ದ, ಈ ಕೂಸು ಇರುತ್ತಿರಲಿಲ್ಲ ಎಂಬುದನ್ನು ಅವಳು ಒಬ್ಬಳೇ ಲೆಕ್ಕ ಹಾಕಿ ಮುಗಿಸಿದ್ದಳು. ಬೇಡುವುದನ್ನು ಬಿಟ್ಟಳು, ಅಳುವುದನ್ನು ಬಿಡಲಿಲ್ಲ. ಸಾಯುವವರೆಗೂ ಗಣಪತಿ ಕಳಿಸುವ ರಾತ್ರಿ ಅವಳು ಒಳಗೆ ಮಲಗುತ್ತಿರಲಿಲ್ಲ.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದ್ದು ಈ ಸಲವೇ. ಅವಳು ವಿಂಡೆನ್ನಿನ ಗೆರೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಫರ್ಶಿ ಆರಿದ ಮೇಲೆ ಒಂದೇ ಗೆರೆ ಎಳೆದಳು. 28-9-1993 ಎಂದು ಬರೆದು ಅಲ್ಲಿಂದ ಒಂದು ಕವಲು ತೆಗೆದಳು. ಕವಲಿನ ತುದಿಯಲ್ಲಿ ತನ್ನ ಹೆಸರು ಬರೆಯಲು ಹೋಗಿ ನಿಲ್ಲಿಸಿದಳು. ಅಷ್ಟರಲ್ಲಿ ಅವಳ ಅಪ್ಪ ಹೊಲದಿಂದ ಬಂದ. ಮೂವತ್ತೆರಡು ವರ್ಷದಲ್ಲಿ ಆ ರಾತ್ರಿಯ ಬಗ್ಗೆ ಅವನು ಒಂದು ಮಾತೂ ಆಡಿದ್ದಿಲ್ಲ, ನಾವೂ ಕೇಳಿದ್ದಿಲ್ಲ. ಮೆರವಣಿಗೆಗೆ ಹಟ ಹಿಡಿದವನು ತಾನು ಎಂಬುದು ಅವನ ಮೈಯೊಳಗೆ ಇದೆಯೆಂದು ನನಗೆ ಗೊತ್ತು. ಟವಲ್ ಹಾಕಿ ಸೀಟು ಹಿಡಿದವನು ನಾನು ಎಂಬುದು ನನ್ನೊಳಗಿರುವ ಹಾಗೆ. ತಾರೀಖು ನೋಡಿ ನಿಂತ. ಮಗಳು ಗಾಬರಿಯಾಗಿ ಬಟ್ಟೆ ಕೈಗೆತ್ತಿಕೊಂಡಳು.

"ಇರಲಿ," ಅಂದ. ಗೆರೆಯ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ಸ್ವಲ್ಪ ಹೊತ್ತಿನ ಮೇಲೆ 28ರಿಂದ ಮುಂದಕ್ಕೆ, ಕವಲಿನ ಮೇಲಲ್ಲ, ನೆಟ್ಟಗಿದ್ದ ಗೆರೆಯ ಮೇಲೆ ಬೆರಳಿಟ್ಟ. "ಇಲ್ಲಿ, ಮರುದಿನ ರಾತ್ರಿ, ನಾ ಗಣಪತಿ ಮುಂದ ಲೇಝೀಮ್ ಆಡಿದ್ದೆ. ಅವ್ವ ನೋಡ್ಲಿಕ್ಕೆ ಬಂದಿದ್ಲು. ನಾ ಹೆಜ್ಜಿ ತಪ್ಪಿದಾಗೆಲ್ಲ ಬಾಯಿಗೆ ಸೆರಗು ಹಿಡಿದು ನಗತಿದ್ಲು."

ಮೊಮ್ಮಗಳು ಅಪ್ಪನ ಬೆರಳಿದ್ದ ಕಡೆ 29 ಎಂದು ಬರೆದಳು.