ಬರೆದವರ ಪಾಲು

ಅರಿಯಾನಾ ಹಫಿಂಗ್ಟನ್ 1950ರಲ್ಲಿ ಗ್ರೀಸಿನ ಅಥೆನ್ಸಿನಲ್ಲಿ ಹುಟ್ಟಿದವರು. ಕೇಂಬ್ರಿಡ್ಜಿನಲ್ಲಿ ಓದಿ, 1980ರಲ್ಲಿ ಅಮೆರಿಕಾಕ್ಕೆ ಬಂದರು. 2005ರಲ್ಲಿ ಜೊತೆಗಾರರೊಂದಿಗೆ ‘ಹಫಿಂಗ್ಟನ್ ಪೋಸ್ಟ್’ ಎಂಬ ಅಂತರ್ಜಾಲ ಪತ್ರಿಕೆ ಆರಂಭಿಸಿದರು. ವಲಸೆ ಬಂದ ಮಹಿಳೆಯೊಬ್ಬರು ಪತ್ರಿಕಾರಂಗದಲ್ಲಿ ಈ ಎತ್ತರಕ್ಕೇರಿದ್ದು ಸಣ್ಣ ಮಾತಲ್ಲ.

ಆದರೆ ಆ ಪತ್ರಿಕೆಗೆ ಸಂಬಳದ ಸಿಬ್ಬಂದಿಯಲ್ಲದೆ ಸಾವಿರಾರು ಮಂದಿ ಸಂಭಾವನೆಯಿಲ್ಲದೆ ಬರೆದರು. 2011ರಲ್ಲಿ ಎಓಎಲ್ ಸಂಸ್ಥೆ ಅದನ್ನು 31.5 ಕೋಟಿ ಡಾಲರಿಗೆ ಕೊಂಡಾಗ ಹೀಗೆ ಬರೆದವರಿಗೆ ಪಾಲು ಸಿಗಲಿಲ್ಲ. ಅವರ ಪರವಾಗಿ ಹೂಡಿದ ದಾವೆಯನ್ನು ನ್ಯಾಯಾಲಯ 2012ರಲ್ಲಿ ತಳ್ಳಿಹಾಕಿತು. ಹಣ ಸಿಗದೆಂದು ತಿಳಿದೇ ಬರೆದಿದ್ದರಲ್ಲ!

ಕಾನೂನಿನ ಮಾತು ಅಲ್ಲಿಗೆ ಮುಗಿಯಿತು. ನ್ಯಾಯದ ಮಾತು ಮುಗಿಯಿತೇ? ಬರೆದವರಿಗೆ ಓದುಗರು ಸಿಕ್ಕರು ಎಂಬುದು ನಿಜ. ಆದರೆ ಊರವರು ಶ್ರಮದಾನದಿಂದ ತೋಡಿದ ಬಾವಿಯೊಂದನ್ನು ನೆನೆಯೋಣ. ನೀರು ಎಲ್ಲರದಾಗಿರುವ ತನಕ ಯಾರೂ ಕೂಲಿ ಕೇಳುವುದಿಲ್ಲ. ಬಾವಿಯೇ ಮಾರಾಟವಾದ ದಿನ ದಾನದ ಅರ್ಥ ಬದಲಾಗುತ್ತದೆ. ಬೆವರು ಆರುವ ಮೊದಲೇ ಕೂಲಿ ಸಲ್ಲಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದು ಕರಾರು ಮಾಡಿಕೊಂಡವರಿಗೆ ಮಾತ್ರ ಎಂದು ನಾವು ಭಾವಿಸಲಾರೆವು.

ಅರಿಯಾನಾ 2016ರಲ್ಲಿ ಹೊರನಡೆದರು. 2018ರಲ್ಲಿ ಪತ್ರಿಕೆ ಅಮೆರಿಕಾದಲ್ಲಿ ಈ ಪುಕ್ಕಟೆ ಬರಹದ ಪದ್ಧತಿಯನ್ನು ನಿಲ್ಲಿಸಿತು. ಏರಿದವರ ಸಾಹಸವನ್ನು ನಾವು ಮೆಚ್ಚೋಣ. ಏಣಿ ಹಿಡಿದವರಿಗೆ ಏನು ಸಂದಿತೆಂದೂ ಕೇಳೋಣ.