ಹೊಸ ಪದವೀಧರರ ಯೋಗ್ಯತೆ: ಒಂದು ಮೀಮಾಂಸೆ

ಚೆನ್ನೈಯ ಹಳೆ ಮಹಾಬಲಿಪುರಂ ರಸ್ತೆಯ ಸಾಫ್ಟ್‌ವೇರ್ ಕಂಪನಿಗಳು, ಶ್ರೀಪೆರುಂಬುದೂರಿನ ಕಾರ್ಖಾನೆಗಳು ಈಗಷ್ಟೇ ಕಾಲೇಜು ಮುಗಿಸಿದವರಲ್ಲಿ ಹುಡುಕುವುದು ಏನನ್ನು ಎಂಬುದು ವಿಷಯ. ಪದವಿಯನ್ನೋ, ಅನುಭವವನ್ನೋ ಎಂಬುದು ಸಂಶಯ.

ಪದವಿಯೇ ಸಾಕೆಂಬುದು ಪೂರ್ವಪಕ್ಷ. ಅದಕ್ಕೆ ಇತಿಹಾಸದ ಬಲವಿದೆ. 1857ರಲ್ಲಿ ಮದರಾಸು ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಮಂಗಳೂರು, ಬಳ್ಳಾರಿಯ ಹುಡುಗರಿಗೂ ಅಲ್ಲಿನ ಬಿ.ಎ. ಸರ್ಕಾರಿ ನೌಕರಿಗೆ ದಾರಿಯಾಯಿತು. ಪದವೀಧರರು ವಿರಳವಾಗಿದ್ದಾಗ ಪದವಿಯೇ ಜರಡಿಯಾಗಿತ್ತು. ಇಂದು ಕ್ಯಾಂಪಸ್ ಸಂದರ್ಶನಕ್ಕೆ ಕೂತವರೆಲ್ಲರ ಕೈಯಲ್ಲೂ ಅದೇ ಬಿ.ಇ. ಇರುವಾಗ ಅದರಿಂದ ಯಾರನ್ನು ಆರಿಸುವುದು?

ಸಿದ್ಧಾಂತ ಹೀಗೆ. ಕರ್ಮಕ್ಕೆ ಅಧಿಕಾರಿಯಾಗಲು ಬಯಕೆ, ತಿಳಿವು, ಸಾಮರ್ಥ್ಯ ಮೂರೂ ಬೇಕೆಂದು ಮೀಮಾಂಸಕರ ಮತ. ಬಯಕೆಗೆ ಅರ್ಜಿ ಸಾಕ್ಷಿ, ತಿಳಿವಿಗೆ ಅಂಕಪಟ್ಟಿ. ಸಾಮರ್ಥ್ಯಕ್ಕೆ ಮಾತ್ರ ಮಾಡಿ ಮುಗಿಸಿದ ಕೆಲಸವೇ ಪ್ರಮಾಣ, ಅದರಲ್ಲೂ ಇನ್ನೊಬ್ಬರಿಗೆ ಬೇಕಾಗಿದ್ದ ಕೆಲಸ. ತಂಡದಲ್ಲಿ ಬೆರೆಯುತ್ತೇನೆ, ಶ್ರಮಜೀವಿ ಎಂದೆಲ್ಲ ರೆಸ್ಯೂಮೆಯಲ್ಲಿ ಬರೆದುಕೊಳ್ಳುವುದು ಅರ್ಥವಾದ, ಬರಿಯ ಸ್ತುತಿ. ಚೆನ್ನೈಯ ಎಲೆಕ್ಟ್ರಾನಿಕ್ಸ್ ಪೇಟೆ ರಿಚಿ ಸ್ಟ್ರೀಟಿನಿಂದ ಸೆನ್ಸರ್ ತಂದು ಪ್ರಾಜೆಕ್ಟ್ ಮಾಡಿದವಳನ್ನು ಕೇಳಿ ನೋಡಿ: ಈ ಸೆನ್ಸರೇ ಯಾಕಮ್ಮ? ಅದು ಯಾವಾಗ ತಪ್ಪು ಅಳತೆ ಕೊಟ್ಟಿತು? ಆಗ ಏನು ಮಾಡಿದೆ? ಅವಳ ಬಳಿ ಹೇಳಲು ಬೇಕಾದಷ್ಟಿರುತ್ತದೆ. ಅದೇ ಪ್ರಾಜೆಕ್ಟನ್ನು ಪ್ರಾಜೆಕ್ಟ್ ಸೆಂಟರಿನಲ್ಲಿ ದುಡ್ಡು ಕೊಟ್ಟು ಕೊಂಡವನು ಎರಡನೆಯ ಪ್ರಶ್ನೆಗೇ ತಬ್ಬಿಬ್ಬಾಗುತ್ತಾನೆ. ಒಳ್ಳೆಯ ಸಂದರ್ಶಕರು ಕಾಯುವುದು ಆ ಎರಡನೆಯ ಉತ್ತರಕ್ಕೆ.

ಆಕ್ಷೇಪ: ಕೆಲಸವಿಲ್ಲದೆ ಅನುಭವವಿಲ್ಲ, ಅನುಭವವಿಲ್ಲದೆ ಕೆಲಸವಿಲ್ಲ, ಇದು ಅನ್ಯೋನ್ಯಾಶ್ರಯ ದೋಷವಲ್ಲವೆ? ಅನುಭವವೆಂದರೆ ನೌಕರಿಯೊಂದೇ ಆಗಿದ್ದರೆ ದೋಷವೇ. ಆದರೆ 1961ರ ಅಪ್ರೆಂಟಿಸ್ ಕಾಯ್ದೆಯನ್ನು 1973ರ ತಿದ್ದುಪಡಿ ಎಂಜಿನಿಯರಿಂಗ್ ಪದವೀಧರರಿಗೂ ವಿಸ್ತರಿಸಿತು. ಚೆನ್ನೈಯ ತರಮಣಿಯಲ್ಲಿರುವ ಅಪ್ರೆಂಟಿಸ್ ತರಬೇತಿ ಮಂಡಳಿಯ ವ್ಯಾಪ್ತಿಗೆ ಕರ್ನಾಟಕವೂ ಸೇರಿದೆ. ಒಂದು ವರ್ಷದ ತರಬೇತಿ. ನಿಗದಿಯಾದ ಕನಿಷ್ಠ ಸ್ಟೈಪೆಂಡಿನಲ್ಲಿ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಇಷ್ಟು ದೊಡ್ಡ ಬಾಗಿಲು ತೆರೆದಿರುವುದನ್ನು ಕಾಲೇಜುಗಳು ಮೂರನೆಯ ವರ್ಷದಲ್ಲೇ ಮಕ್ಕಳಿಗೆ ಹೇಳದಿರುವುದು ಅನ್ಯಾಯ.

ಇಂಗ್ಲಿಷ್ ಬಲ್ಲವರೇ ಗೆಲ್ಲುತ್ತಾರಲ್ಲ ಎಂಬ ಆಕ್ಷೇಪವನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ತಮಿಳುನಾಡಿನ ಗಡಿಯ ತಾಳವಾಡಿಯ ಕನ್ನಡದ ಹುಡುಗಿ ಮಾತಿನಲ್ಲಿ ತಡವರಿಸಿದಳೆಂದು ಅವಳ ಕೈಗುಣವೇ ಲೆಕ್ಕಕ್ಕೆ ಬಾರದೆ ಹೋಗುವುದುಂಟು. ಅದು ಪರೀಕ್ಷಿಸುವವರ ದೋಷ. ಮಾಡಿದ್ದನ್ನು ಮೇಜಿನ ಮೇಲಿಟ್ಟು ಪ್ರಶ್ನಿಸಿದರೆ ಭಾಷೆಯ ಹೊರೆ ಎಷ್ಟೋ ಇಳಿಯುತ್ತದೆ.

ಚೆನ್ನೈಯ ಜೋಹೋ ಕಂಪನಿ ಹನ್ನೆರಡನೆಯ ತರಗತಿ ಮುಗಿಸಿದವರನ್ನೇ ತನ್ನ ಶಾಲೆಗೆ ಸೇರಿಸಿಕೊಂಡು, ಸ್ಟೈಪೆಂಡ್ ಕೊಟ್ಟು ಕಲಿಸುತ್ತದೆ. ಹಾಗಾದರೆ ಪದವಿ ವ್ಯರ್ಥವೆ? ಅಲ್ಲ. ಕಲಿಕೆ ಕೆಲಸಕ್ಕೆ ಅಂಟಿಕೊಂಡಿರಬೇಕೆಂಬುದಷ್ಟೇ ಅದರಿಂದ ಸಿದ್ಧವಾಗುತ್ತದೆ.

ಇನ್ನು ಪ್ರಯೋಜನ. 2022ರಲ್ಲಿ ಶುರುವಾದ ತಮಿಳುನಾಡಿನ ‘ನಾನ್ ಮುದಲ್ವನ್’ ಯೋಜನೆ ಕೌಶಲದ ಕೋರ್ಸುಗಳನ್ನು ಕಾಲೇಜಿನೊಳಗೇ ತಂದಿದೆ. ಸರ್ಟಿಫಿಕೇಟಿಗೆ ಮುಗಿದರೆ ಅದೂ ಇನ್ನೊಂದು ಕಾಗದ. ಹಾಗಾಗದಂತೆ ಕಲಿಕೆಯನ್ನು ಕೆಲಸಕ್ಕೆ ಅಂಟಿಸಲು ಚೆನ್ನೈಯ ಅಂಬತ್ತೂರಿನ ಕೈಗಾರಿಕಾ ವಸಾಹತಿನಲ್ಲಿ ಸಣ್ಣ ವರ್ಕ್‌ಶಾಪುಗಳಿವೆ. ಸ್ಟಾಕಿನ ಲೆಕ್ಕ, ಹಳೆಯ ಯಂತ್ರದ ಕಂಪನದ ಅಳತೆ, ವಿದ್ಯುತ್ ಬಿಲ್ಲಿನ ಸೋರಿಕೆ: ಇಂಥವನ್ನು ಅಂತಿಮ ವರ್ಷದ ಪ್ರಾಜೆಕ್ಟುಗಳಾಗಿ ಕೊಟ್ಟು, ಅಂಕ ಹಾಕುವಾಗ ವರ್ಕ್‌ಶಾಪಿನ ಮಾಲೀಕರನ್ನೂ ಕೂರಿಸಿಕೊಳ್ಳಬೇಕು.