ಹೇಳಬೇಕಾದವನಿಗೆ ಹೇಳಿದ್ದೇನು?

ಊರಲ್ಲಿ ಡಂಗುರ ಸಾರುವವನನ್ನು ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ. ನಾಳೆ ಚಾವಡಿಗೆ ಬರಬೇಕಂತೆ ಎಂದರೆ ಬರಬೇಕು, ಅಷ್ಟೆ. 1948ರ ವರೆಗೆ ನಮ್ಮ ಆಳಂದ ಸೀಮೆ ನಿಜಾಮರ ಸಂಸ್ಥಾನದಲ್ಲಿತ್ತು. ಕಚೇರಿಯ ಭಾಷೆ ಉರ್ದು, ಊರಿನದು ಕನ್ನಡ, ಗಡಿಯ ಕಡೆ ಮರಾಠಿಯೂ ಉಂಟು. ಕಾಗದದಲ್ಲಿದ್ದ ಹುಕುಮಿನ ಎಷ್ಟು ಪಾಲು ಹಲಗೆಯವನ ಬಾಯಿಗೆ ಬರುತ್ತಿತ್ತೋ! ಆದರೂ ಅವನಿಗೆ ಒಂದು ಅನುಕೂಲವಿತ್ತು. ಸಾರಿದ ಮೇಲೆ ಮುಂದಿನ ಓಣಿಗೆ ಹೋಗಿಬಿಡಬಹುದಿತ್ತು.

ಬಸ್ಸಿನ ಕಂಡಕ್ಟರಿಗೆ ಆ ಅನುಕೂಲವಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಕರ್ನಾಟಕದ ಹೆಣ್ಣುಮಕ್ಕಳಿಗೆ ರಾಜ್ಯದೊಳಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಪುಕ್ಕಟೆ. ಆದರೆ ಪ್ರತಿಯೊಬ್ಬರೂ ಶೂನ್ಯದ ಟಿಕೆಟ್ಟು ಪಡೆಯಲೇಬೇಕು. ಆಳಂದದಿಂದ ಕಲಬುರಗಿಗೆ ಸುಮಾರು 40 ಕಿಲೋಮೀಟರು. ಅಷ್ಟು ದೂರವೂ ಕಂಡಕ್ಟರು ತಾನು ಆಡಿದ ಮಾತಿನ ಜೊತೆಯಲ್ಲೇ ಪ್ರಯಾಣ ಮಾಡಬೇಕು.

“ರೊಕ್ಕ ಇಲ್ಲಂದಮ್ಯಾಲ ಚೀಟಿ ಯಾಕೋ ತಮ್ಮಾ?” ಎಂದು ಒಬ್ಬ ಮುದುಕಿ ಕೇಳುತ್ತಾಳೆ ಎನ್ನಿ. “ಮ್ಯಾಲಿಂದ ಆರ್ಡರ್ ಅದ, ಸುಮ್ನ ಹಿಡಿ ಯವ್ವಾ” ಎನ್ನುವುದು ಒಂದು ಉತ್ತರ. “ಈ ಚೀಟಿ ಲೆಕ್ಕದ ಮ್ಯಾಲೇ ಸರಕಾರ ಬಸ್ಸಿನವರಿಗೆ ರೊಕ್ಕ ತುಂಬಿ ಕೊಡ್ತದ. ನೀ ತಗೊಳ್ಳಲಿಲ್ಲಂದ್ರ ನೀ ಬಸ್ಸಿನಾಗ ಕೂತೇ ಇಲ್ಲಂತ ಆಗ್ತದ ನೋಡು” ಎನ್ನುವುದು ಇನ್ನೊಂದು. ಮೊದಲಿನ ಚೀಟಿ ಕಿಟಕಿಯಿಂದ ಹಾರಿಹೋಗುತ್ತದೆ. ತನಿಖೆಯವರು ಹತ್ತಿದಾಗ ಪೇಚಾಟ ಇಬ್ಬರಿಗೂ. ಎರಡನೆಯದು ಎಲೆ ಅಡಿಕೆಯ ಚಂಚಿಯೊಳಗೆ ಭದ್ರವಾಗಿ ಕೂಡುತ್ತದೆ. ಎರಡನೆಯ ಉತ್ತರ ಕೊಡಬೇಕಾದರೆ ಕಂಡಕ್ಟರಿಗೆ ಯಾರಾದರೂ ಅದನ್ನು ಮೊದಲೇ ಹೇಳಿರಬೇಕು.

ಎಲ್ಲರಿಗೂ ಕಾರಣ ಹೇಳುತ್ತ ಕೂತರೆ ಆಡಳಿತ ನಡೆದೀತೇ ಎಂದು ಕುರ್ಚಿಯಲ್ಲಿ ಕೂತವರು ಕೇಳಬಹುದು. ಕೇಳತಕ್ಕ ಮಾತೇ. ಗಾಲಿಗೆ ಗಾಳಿ ತುಂಬು ಎಂದರೆ ಕಾರಣ ಬೇಕಿಲ್ಲ. ಆದರೆ ಕೈಗೆ ಕೊಟ್ಟ ಆಜ್ಞೆ ಬೇರೆ, ಬಾಯಿಗೆ ಕೊಟ್ಟ ಆಜ್ಞೆ ಬೇರೆ. ತನಗೇ ತಿಳಿಯದ್ದನ್ನು ಇನ್ನೊಬ್ಬರಿಗೆ ತನ್ನ ಮಾತೆಂಬಂತೆ ಹೇಳು, ಬಂದ ಬೈಗುಳವನ್ನೂ ನೀನೇ ತಿನ್ನು ಎಂದರೆ ಮನುಷ್ಯನನ್ನು ಹಲಗೆ ಮಾಡಿದಂತೆ. ಇದು ಬರೀ ದಕ್ಷತೆಯ ಕೊರತೆಯೆಂದು ನನಗೆ ಅನ್ನಿಸುವುದಿಲ್ಲ, ಅನ್ಯಾಯವೆಂದೇ ಅನ್ನಿಸುತ್ತದೆ.

ಆಳಂದದಲ್ಲಿ ಇದು ಇನ್ನಷ್ಟು ತೊಡಕು. ಉಮರ್ಗಾ, ಅಕ್ಕಲಕೋಟೆ ನಮಗೆ ಬೀಗರ ಊರುಗಳು. ರಾಜ್ಯದ ಗಡಿ ಬಂದದ್ದು ಆಮೇಲೆ. ಅತ್ತ ಕೊಟ್ಟ ಮಗಳು ತವರಿಗೆ ಬಂದು ತಾಯಿಯೊಡನೆ ಕಲಬುರಗಿಗೆ ಹೊರಟರೆ ತಾಯಿಗೆ ಶೂನ್ಯ ಟಿಕೆಟ್ಟು. ಮಹಾರಾಷ್ಟ್ರದ ಆಧಾರ್ ಕಾರ್ಡಿನ ಮಗಳಿಗೆ ಪೂರ್ತಿ ದರ. ಒಂದೇ ಸೀಟು, ಒಂದೇ ಬುತ್ತಿ. ಕರ್ನಾಟಕದ ತೆರಿಗೆಯ ಹಣ ಕರ್ನಾಟಕದವರಿಗೆ ಎಂಬ ನಿಯಮವನ್ನು ತಪ್ಪೆನ್ನಲು ಬರುವುದಿಲ್ಲ. ಆದರೆ ಇಂಥ ತಾಯಿ ಮಕ್ಕಳಿದ್ದಾರೆಂಬುದು ಬೆಂಗಳೂರಿನ ಮೇಜಿನ ಮೇಲೆ ಹೊಳೆಯುವಂಥದ್ದಲ್ಲ, ಕಂಡಕ್ಟರಿಗೆ ಮಾತ್ರ ಕಾಣುವಂಥದ್ದು. ಸಂಜೆ ಡಿಪೋದಲ್ಲಿ ಅವನು ಒಪ್ಪಿಸುವ ಲೆಕ್ಕದಲ್ಲಿ ಟಿಕೆಟ್ಟುಂಟು, ಹಣವುಂಟು. ದಿನವಿಡೀ ಜನ ಕೇಳಿದ ಪ್ರಶ್ನೆಗಳಿಗೆ ಜಾಗವಿಲ್ಲ.

ಅಂಗನವಾಡಿಯವರ ಪಾಡು ಇನ್ನೂ ವಿಚಿತ್ರ. ಅವರದು ಸಂಬಳವಲ್ಲ, ಗೌರವಧನ. ಅವರು ಸರಕಾರಿ ಹುದ್ದೆಯಲ್ಲಿರುವವರಲ್ಲ ಎಂದು 2006ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದು ಕರ್ನಾಟಕದಿಂದಲೇ ಹೋದ ಅಮೀರ್‌ಬಿ ಪ್ರಕರಣ. ಗ್ರಾಚ್ಯುಟಿಗೆ ಅರ್ಹರು ಎಂದು ಅದೇ ಕೋರ್ಟು ಹೇಳಿದ್ದು 2022ರಲ್ಲಿ. ನೌಕರರೇ ಅಲ್ಲ ಎಂದಾಗಲೂ ಆಜ್ಞೆಗಳೇನೂ ಕಡಿಮೆಯಾಗಲಿಲ್ಲ. 2021ರಿಂದ ಮಕ್ಕಳ ತೂಕ, ಎತ್ತರಗಳನ್ನು ಪೋಷಣ್ ಟ್ರ್ಯಾಕರ್‌ನಲ್ಲಿ ತುಂಬಬೇಕು. ಸೂಚನೆಗಳು ವಾಟ್ಸಾಪಿನಲ್ಲಿ ಬರುತ್ತವೆ. ಅಲ್ಲಿ ಅಡ್ಮಿನ್ ಮಾತ್ರ ಬರೆಯಬಹುದಾದ ಗುಂಪು ಮಾಡುವ ಸೌಕರ್ಯವೂ ಉಂಟು. ಡಂಗುರದವನಿಗೂ ಇಷ್ಟು ನಿಶ್ಶಬ್ದ ಸಿಕ್ಕಿರಲಿಲ್ಲ! ತಾಂಡಾದ ತಾಯಿ ತನ್ನ ಮಗುವನ್ನು ತಿಂಗಳು ತಿಂಗಳು ಯಾಕೆ ತೂಗುತ್ತೀರಿ ಎಂದು ಲಂಬಾಣಿಯಲ್ಲಿ ಕೇಳಿದರೆ, ಆ ಗುಂಪಿಗಲ್ಲ, ತಕ್ಕಡಿ ಹಿಡಿದು ಎದುರಿಗೆ ನಿಂತವಳಿಗೆ ಕೇಳುತ್ತಾಳೆ.